ಗಿಡ ಕಡಿಮೆ ಇರಲಿ, ಕುಂಡ ದೊಡ್ಡದಿರಲಿ

ಪ್ರಶ್ನೆ: ಮನೆಯ ಹಿಂದೆ 8 ಅಡಿ ಉದ್ದ, 6 ಅಡಿ ಅಗಲದ ಜಾಗ ಇದೆ. ಅರ್ಧ ಸಿಮೆಂಟು, ಅರ್ಧ ಮಣ್ಣು. ಒಂದು ಪಕ್ಕ ಎತ್ತರದ ಹಳೆಯ ಗೋಡೆ. ಕಳೆದ ವರ್ಷ ಹನ್ನೆರಡು ತರಹದ ಬೀಜ ತಂದು ಸಣ್ಣ ಸಣ್ಣ ಕುಂಡಗಳಲ್ಲಿ ಹಾಕಿದೆ. ಟೊಮೆಟೊ ನನ್ನೆತ್ತರ ಬೆಳೆಯಿತು, ಆದರೆ ಹೂವೆಲ್ಲ ಉದುರಿತು. ಕಚ್ಚಿದ ನಾಲ್ಕೈದು ಕಾಯಿಗಳ ತಳ ಕಪ್ಪಾಯಿತು. ಸೌತೆಯ ಹೀಚುಗಳು ಹಳದಿಯಾಗಿ ಬಿದ್ದವು. ಸೊಪ್ಪು ಉದ್ದುದ್ದ ಬೆಳೆದು ಮಲಗಿತು. ಇಷ್ಟು ಚಿಕ್ಕ ಜಾಗದಲ್ಲಿ ತರಕಾರಿ ಬೆಳೆಯುವುದು ನಿಜಕ್ಕೂ ಸಾಧ್ಯವಾ? ಆಗುವುದಾದರೆ ಯಾವುದನ್ನು ಬೆಳೆಯಲಿ, ಹೇಗೆ?

ಉತ್ತರ: ಸಾಧ್ಯ. ಹನ್ನೆರಡು ತರಹ ಮಾತ್ರ ಸಾಧ್ಯವಿಲ್ಲ. ನಿಮ್ಮದು 48 ಚದರ ಅಡಿ ಜಾಗ. ಒಂದು ಮನೆಗೆ ಬೇಕಾದ ತರಕಾರಿಯನ್ನೆಲ್ಲ ಅದು ಕೊಡುವುದಿಲ್ಲ. ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಯ್ದ ಹತ್ತು ನಿಮಿಷಕ್ಕೆ ತಟ್ಟೆಗೆ ಬರುವ ಸೊಪ್ಪು, ಗಿಡದಲ್ಲೇ ಕೆಂಪಾದ ಟೊಮೆಟೊ, ಬೇಕೆಂದಾಗ ಕಿತ್ತುಕೊಳ್ಳಲು ನಾಲ್ಕು ಮೆಣಸಿನಕಾಯಿ ಕೊಡುತ್ತದೆ. ನಿಮ್ಮ ಪತ್ರದಲ್ಲಿರುವ ತೊಂದರೆಗಳಿಗೆ ಕಾರಣ ಬೇರೆ ಬೇರೆ, ಆದರೆ ಮೊದಲು ಸರಿಪಡಿಸಬೇಕಾದವು ಎರಡು: ಕುಂಡ ಚಿಕ್ಕದು, ಬೆಳೆ ಜಾಸ್ತಿ.

ಏನು ಬೆಳೆಯಬೇಕು ಅನ್ನುವುದಕ್ಕೆ ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಕೊಯ್ದ ಮೇಲೆ ಇದು ಎಷ್ಟು ಬೇಗ ರುಚಿ ಕಳೆದುಕೊಳ್ಳುತ್ತದೆ? ಆಲೂಗಡ್ಡೆ, ಈರುಳ್ಳಿ ವಾರಗಟ್ಟಲೆ ಕೆಡದೆ ಇರುತ್ತವೆ. ಕೊಂಡು ತಂದಿದ್ದಕ್ಕೂ ಮನೆಯಲ್ಲಿ ಬೆಳೆದಿದ್ದಕ್ಕೂ ನಾಲಿಗೆಗೆ ಅಂಥ ವ್ಯತ್ಯಾಸ ತಿಳಿಯುವುದಿಲ್ಲ. ಎಲೆಕೋಸು, ಹೂಕೋಸು ಎರಡು ಮೂರು ತಿಂಗಳು ಒಂದೂವರೆ ಅಡಿ ಜಾಗ ಹಿಡಿದು ಕೂತು ಕೊನೆಗೆ ಒಂದೊಂದೇ ಗೆಡ್ಡೆ ಕೊಡುತ್ತವೆ. ಇವನ್ನೆಲ್ಲ ಕೊಂಡುಕೊಳ್ಳಿ. ಸೊಪ್ಪು ಹಾಗಲ್ಲ, ಗಂಟೆಗಳಲ್ಲಿ ಬಾಡುತ್ತದೆ. ದೂರ ಸಾಗಿಸುವ ಟೊಮೆಟೊವನ್ನು ಕಾಯಿ ಹಸಿರಿರುವಾಗ ಅಥವಾ ಬಣ್ಣ ತಿರುಗುವಾಗಲೇ ಕೀಳುತ್ತಾರೆ. ಎಳೆ ಬೀನ್ಸ್ ಎರಡು ದಿನಕ್ಕೆ ನಾರಾಗುತ್ತದೆ. ಸಿಹಿ ಜೋಳ, ಹಸಿ ಬಟಾಣಿಗಳಲ್ಲಿ ಸಕ್ಕರೆ ಕೊಯ್ದ ಗಳಿಗೆಯಿಂದಲೇ ಪಿಷ್ಟವಾಗಲು ಶುರುವಾಗುತ್ತದೆ. ಹಾಗಂತ ಜೋಳ ಹಾಕಲು ಹೋಗಬೇಡಿ. ಅದರ ಪರಾಗ ಗಾಳಿಯಲ್ಲಿ ಹಾರಿ ಬೀಳಬೇಕು. ಹತ್ತಾರು ಗಿಡ ಒತ್ತೊತ್ತಾಗಿ ಇಲ್ಲದಿದ್ದರೆ ತೆನೆಯಲ್ಲಿ ಕಾಳಿಗಿಂತ ಖಾಲಿ ಜಾಗವೇ ಜಾಸ್ತಿ ಇರುತ್ತದೆ.

ನಿಮಗೆ ನಾನು ಹೇಳುವುದು ಎರಡು ಟೊಮೆಟೊ ಗಿಡ, ಎರಡು ಮೆಣಸಿನ ಗಿಡ, ಒಂದು ಉದ್ದ ತೊಟ್ಟಿಯಲ್ಲಿ ಬಳ್ಳಿ ಬೀನ್ಸ್, ಎರಡು ಮೂರು ಬಗೆಯ ಸೊಪ್ಪು. ಸಂದಿಯಲ್ಲಿ ಮೂಲಂಗಿ ಉದುರಿಸಿ, 25–30 ದಿನಕ್ಕೆ ಕೀಳಬಹುದು. ಈ ವರ್ಷಕ್ಕೆ ಇಷ್ಟು ಸಾಕು.

ಆದರೆ ಕುಂಡ ಇಡುವ ಮೊದಲು ಬಿಸಿಲು ಅಳೆಯಿರಿ. ಒಂದು ರಜಾದಿನ ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಹೋಗಿ ಯಾವ ಮೂಲೆಗೆ ನೇರ ಬಿಸಿಲು ಬಿದ್ದಿದೆ ಎಂದು ಬರೆದಿಟ್ಟುಕೊಳ್ಳಿ. ಅಂದಾಜಿನ ಮೇಲೆ ಹೋದರೆ ಎಲ್ಲರೂ ಜಾಸ್ತಿಯೇ ಹೇಳುತ್ತಾರೆ. "ದಿನಪೂರ್ತಿ ಬಿಸಿಲು" ಎನ್ನುವ ಜಾಗದಲ್ಲಿ ಅಳೆದು ನೋಡಿದರೆ ಎಷ್ಟೋ ಸಲ ನಾಲ್ಕು ಗಂಟೆ ಸಿಗುತ್ತದೆ. ಟೊಮೆಟೊ, ಮೆಣಸು, ಬದನೆ, ಬೀನ್ಸ್, ಹೀಗೆ ಕಾಯಿ ಬಿಡುವ ಯಾವುದಕ್ಕೂ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಮೂಲಂಗಿ, ಕ್ಯಾರೆಟ್‌ಗೆ 4–5 ಗಂಟೆ. ಸೊಪ್ಪಿಗೆ 3–4 ಗಂಟೆ ಸಾಕು. ಸುಡು ಬಿಸಿಲಿನ ಕಾಲದಲ್ಲಂತೂ ಮಧ್ಯಾಹ್ನದ ನೆರಳು ಸೊಪ್ಪಿಗೆ ಒಳ್ಳೆಯದೇ. ಸೂರ್ಯನ ದಾರಿ ಋತುವಿನ ಜೊತೆ ಬದಲಾಗುತ್ತದೆ, ಗೋಡೆಯ ನೆರಳೂ ಅದರ ಜೊತೆ ಸರಿಯುತ್ತದೆ. ಅದಕ್ಕೇ ಈ ಅಳತೆಯನ್ನು ಮೂರ್ನಾಲ್ಕು ತಿಂಗಳಿಗೊಮ್ಮೆ ಮತ್ತೆ ಮಾಡಿ. ನಿಮ್ಮ ಸೊಪ್ಪು ಉದ್ದಕ್ಕೆ ಎಳೆದು ಮಲಗಿದ್ದು ಬೆಳಕು ಸಾಲದೆ, ಜೊತೆಗೆ ಬೀಜ ಒತ್ತಾಗಿ ಬಿದ್ದು. ಗೋಡೆಗೆ ಬಿಳಿ ಬಣ್ಣ ಬಳಿದರೆ ಅದರ ಮುಂದಿನ ಗಿಡಗಳಿಗೆ ಸ್ವಲ್ಪ ಬೆಳಕು ವಾಪಸ್ ಬರುತ್ತದೆ. ಅಗ್ಗದ ಉಪಾಯ, ಮಾಡಿ ನೋಡಿ.

ಗೋಡೆ ಹಳೆಯದು ಅಂದಿರಿ. ಅದರ ಬುಡದ ಮಣ್ಣಿನಲ್ಲಿ ಏನನ್ನೂ ಬಿತ್ತಬೇಡಿ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಚಕ್ಕೆ ಎದ್ದು ಉದುರಿದ ಬಣ್ಣ ಗೋಡೆಯ ಬುಡದಲ್ಲೇ ಸೇರಿಕೊಳ್ಳುತ್ತದೆ, ಸೀಸ ಕರಗಿ ಮಾಯವಾಗುವ ವಸ್ತುವಲ್ಲ. ವಾಹನಗಳು ಓಡಾಡುವ ಹಳೆಯ ರಸ್ತೆಗಳ ಪಕ್ಕದ ಮಣ್ಣಿಗೂ ಇದೇ ಮಾತು, ಏಕೆಂದರೆ ಒಂದು ಕಾಲಕ್ಕೆ ಪೆಟ್ರೋಲಿಗೂ ಸೀಸ ಬೆರೆಸುತ್ತಿದ್ದರು. ಗಿಡ ಬೇರಿನಿಂದ ಹೀರುವ ಸೀಸಕ್ಕಿಂತ ಸೊಪ್ಪಿಗೆ, ಗೆಡ್ಡೆಗೆ ಮೆತ್ತಿದ ಮಣ್ಣಿನಿಂದ ಹೊಟ್ಟೆಗೆ ಹೋಗುವುದೇ ಹೆಚ್ಚು. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಣ್ಣು ಪರೀಕ್ಷೆ ಮಾಡಿಸಬಹುದು. ನಿಮಗಿರುವ ಜಾಗಕ್ಕೆ ಕುಂಡ, ತೊಟ್ಟಿಗಳಲ್ಲಿ ಹೊಸ ಮಿಶ್ರಣ ತುಂಬುವುದೇ ಸುಲಭ.

ಇನ್ನು ಕುಂಡದ ವಿಷಯ. ಒಂದು ಟೊಮೆಟೊ ಗಿಡಕ್ಕೆ ಕನಿಷ್ಠ 15–20 ಲೀಟರಿನ ಕುಂಡ ಅಥವಾ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಬೇಕು. ಬದನೆಗೂ ಅಷ್ಟೇ. ಮೆಣಸಿಗೆ 8–12 ಲೀಟರ್. ಸೊಪ್ಪಿಗೆ 15 ಸೆಂಟಿಮೀಟರ್ ಆಳ ಸಾಕು, ಅಗಲ ಎಷ್ಟಿದ್ದರೂ ಒಳ್ಳೆಯದು. ಕ್ಯಾರೆಟ್‌ಗೆ 25–30 ಸೆಂಟಿಮೀಟರ್ ಆಳ ಬೇಕು. ನೀವು ಟೊಮೆಟೊ ಹಾಕಿದ್ದು ಸಣ್ಣ ಕುಂಡದಲ್ಲಿ. ಬಿಸಿಲಿನ ದಿನ ಅದರ ಮಣ್ಣು ಮಧ್ಯಾಹ್ನಕ್ಕೇ ಒಣಗಿರುತ್ತದೆ, ಸಂಜೆ ನೀವು ನೀರು ಸುರಿದಾಗ ಕೆಸರಾಗಿರುತ್ತದೆ. ಬೇರಿಗೆ ದಿನಕ್ಕೊಂದು ಬರಗಾಲ, ದಿನಕ್ಕೊಂದು ನೆರೆ. ಇಪ್ಪತ್ತು ಪುಟ್ಟ ಕುಂಡಗಳ ಬದಲು ಆರು ದೊಡ್ಡವು ಇಟ್ಟರೆ ಕೆಲಸ ಅರ್ಧವಾಗುತ್ತದೆ, ಫಸಲು ಹೆಚ್ಚುತ್ತದೆ.

ಕುಂಡಕ್ಕೆ ಬರೀ ತೋಟದ ಮಣ್ಣು ತುಂಬಬೇಡಿ. ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಅದು ಗಟ್ಟಿಯಾಗಿ ಕೂತು ಬೇರಿಗೆ ಗಾಳಿ ಸಿಗದಂತಾಗುತ್ತದೆ. ಮೂರನೇ ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಒಂದು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಇದು ಹೆಚ್ಚಿನ ಎಲ್ಲ ತರಕಾರಿಗೂ ನಡೆಯುತ್ತದೆ. ಹಾಗೆಯೇ, ನೀರು ಬಸಿಯಲಿ ಅಂತ ತಳಕ್ಕೆ ಜಲ್ಲಿಕಲ್ಲು ಹಾಕುವ ಅಭ್ಯಾಸ ಎಲ್ಲ ಕಡೆ ಇದೆ. ಬಿಟ್ಟುಬಿಡಿ. ನುಣುಪಾದ ಮಣ್ಣಿನಿಂದ ಒರಟು ಕಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ಹೋಗುವ ತನಕ ಅಲ್ಲೇ ನಿಲ್ಲುತ್ತದೆ. ಅಂದರೆ ಜಲ್ಲಿ ಹಾಕಿದಾಗ ಒದ್ದೆಯ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಮೇಲಾಗಿ ಮಣ್ಣಿನ ಜಾಗವೂ ಹಾಳು. ತಳದಲ್ಲಿ ನಾಲ್ಕೈದು ತೂತು ಇದ್ದು, ಮಣ್ಣು ಸೋರದಂತೆ ಒಂದು ಚೂರು ಬಲೆ ಇಟ್ಟರೆ ಆಯಿತು. ತಾರಸಿಯಲ್ಲಿ ಬೆಳೆಯುವವರೂ ಇದನ್ನು ಓದುತ್ತಿದ್ದರೆ ಒಂದು ಮಾತು: ನೀರು ಕುಡಿದ 20 ಲೀಟರಿನ ಕುಂಡ 20 ಕಿಲೋಗಿಂತ ಕಡಿಮೆ ತೂಗುವುದಿಲ್ಲ. ಭಾರದವನ್ನು ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿಗೆ ಇಡಿ. ಹಳೆಯ ಕಟ್ಟಡವಾದರೆ ಎಂಜಿನಿಯರ್ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಟೊಮೆಟೊ ತಳ ಕಪ್ಪಾಗಿದ್ದು ರೋಗ ಅಲ್ಲ. ಔಷಧಿ ಹೊಡೆದರೆ ಹೋಗುವುದೂ ಇಲ್ಲ. ಬೆಳೆಯುವ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಅಲ್ಲಿನ ಜೀವಕೋಶಗಳು ಕುಸಿದು ಹೀಗಾಗುತ್ತದೆ. ಇಷ್ಟು ಕೇಳಿದ ಕೂಡಲೇ ಜನ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಬುಡಕ್ಕೆ ಹಾಕಲು ಓಡುತ್ತಾರೆ. ಅದರಿಂದ ಈ ಬೆಳೆಗೆ ಉಪಯೋಗ ಇಲ್ಲ. ಸಿಪ್ಪೆ ಮಣ್ಣಿನಲ್ಲಿ ಕರಗಲು ಬಹಳ ಕಾಲ ಬೇಕು. ಅಲ್ಲದೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಗಿಡದೊಳಗೆ ಓಡಾಡುವುದು ನೀರಿನ ಜೊತೆ ಮಾತ್ರ. ಎಲೆಗಳು ಸದಾ ನೀರನ್ನು ಆವಿ ಮಾಡುತ್ತಿರುವುದರಿಂದ ನೀರಿನ ಹರಿವು ಆ ಕಡೆಗೇ ಜಾಸ್ತಿ. ಕಾಯಿಗೆ ಬರುವುದು ಮಿಕ್ಕಿದ್ದು. ಮಣ್ಣು ಒಂದು ಹೊತ್ತು ಒಣಗಿದರೂ ಮೊದಲು ನಿಲ್ಲುವುದು ಕಾಯಿಯ ಪಾಲು. ಹಾಗಾಗಿ ಇದಕ್ಕೆ ಮದ್ದು ಎಂದರೆ ದೊಡ್ಡ ಕುಂಡ ಮತ್ತು ಏರುಪೇರಿಲ್ಲದ ನೀರು. ಕಪ್ಪಾದ ಕಾಯಿಗಳನ್ನು ಕಿತ್ತು ಹಾಕಿ. ನೀರು ಸರಿಯಾದರೆ ಮುಂದಿನ ಗೊಂಚಲು ಚೆನ್ನಾಗಿಯೇ ಬರುತ್ತದೆ.

ನೀರು ಎಷ್ಟು ಹಾಕಬೇಕು ಅಂತ ಲೆಕ್ಕ ಕೊಡುವುದು ಕಷ್ಟ. ಬೆರಳು ಎರಡು ಇಂಚು ಮಣ್ಣಿನೊಳಗೆ ಇಳಿಸಿ. ತುದಿಗೆ ತೇವ ತಾಗಿದರೆ ಸುಮ್ನೆ ಬಿಡಿ, ಒಣಗಿದ್ದರೆ ತಳದ ತೂತಿನಿಂದ ನೀರು ಹನಿಯುವವರೆಗೆ ಹಾಕಿ. ಬಿಸಿಲುಗಾಲದಲ್ಲಿ ತುಂಬಿ ಬೆಳೆದ ಟೊಮೆಟೊ ಗಿಡಕ್ಕೆ ದಿನಕ್ಕೆ 2–3 ಲೀಟರ್ ಬೇಕಾಗಬಹುದು. ಬೆಳಗಿನ ಹೊತ್ತು ಒಳ್ಳೆಯದು. ಎಲೆಗೆ ಬಿದ್ದರೂ ಬೇಗ ಆರುತ್ತದೆ, ಬೂಜು ಹಿಡಿಯುವುದು ಕಡಿಮೆ. ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಸಂದಿಯಲ್ಲೇ ಜಾರಿ ಕೆಳಗೆ ಬರುತ್ತದೆ, ಒಳಗೆ ಒಣಗಿಯೇ ಇರುತ್ತದೆ. ಅಂಥ ಹೊತ್ತಲ್ಲಿ ಸ್ವಲ್ಪ ಹಾಕಿ, ಕಾಲು ಗಂಟೆ ಬಿಟ್ಟು ಮತ್ತೆ ಹಾಕಿ. ಮೇಲೆ ಎರಡು ಇಂಚು ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಇದ್ದರೆ ಈ ಪಾಡೇ ಬರುವುದಿಲ್ಲ.

ಹೂ ಉದುರಿದ್ದಕ್ಕೆ ಕಾರಣ ಮೂರು ಇರಬಹುದು. ಗಿಡ ಕಡು ಹಸಿರಾಗಿ, ಕಾಂಡ ದಪ್ಪವಾಗಿ, ಎಲೆ ಸೊಂಪಾಗಿ ಇತ್ತೇ? ಹಾಗಿದ್ದರೆ ಸಾರಜನಕ ಜಾಸ್ತಿಯಾಗಿದೆ. ಗಿಡ ಎಲೆ ಬೆಳೆಸುವುದರಲ್ಲೇ ಮುಳುಗಿದೆ. ಕಾಂಡ ಸಣಕಲಾಗಿ, ಗೆಣ್ಣುಗಳ ನಡುವೆ ದೂರ ಇತ್ತೇ? ಹಾಗಿದ್ದರೆ ಬಿಸಿಲು ಸಾಲಲಿಲ್ಲ. ಎರಡೂ ಅಲ್ಲದಿದ್ದರೆ ಸೆಕೆ. ಹಗಲು 32–35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 22–24 ಡಿಗ್ರಿಗಿಂತ ಇಳಿಯದಿದ್ದರೆ ಟೊಮೆಟೊ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ, ಹೂ ಉದುರುತ್ತದೆ. ಅಂಥ ವಾರಗಳಲ್ಲಿ ನೀವು ಮಾಡುವುದು ಏನೂ ಇಲ್ಲ. ಗಿಡವನ್ನು ಬದುಕಿಸಿಕೊಂಡರೆ ಹವೆ ತಂಪಾದಾಗ ತಾನೇ ಕಚ್ಚುತ್ತದೆ. ಮುಂದಿನ ಸಲ ಹೂ ಬಿಡುವ ಹೊತ್ತು ಕಡು ಬೇಸಗೆಗೆ ಬೀಳದಂತೆ ಬಿತ್ತನೆ ಲೆಕ್ಕ ಹಾಕಿ. ನಾಟಿಯಿಂದ ಮೊದಲ ಹಣ್ಣಿಗೆ ತಳಿಯ ಮೇಲೆ 60–80 ದಿನ.

ಇದರ ಜೊತೆ ಇನ್ನೊಂದು ಸಣ್ಣ ಕೆಲಸ ಇದೆ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಕಡೆ ಇರುತ್ತವೆ, ಆದರೆ ಪರಾಗ ಒಂದು ಕೊಳವೆಯೊಳಗೆ ಅಡಗಿರುತ್ತದೆ. ಅಲುಗಾಡಿದರೆ ಮಾತ್ರ ಉದುರುತ್ತದೆ. ಬಯಲಿನಲ್ಲಿ ಗಾಳಿ ಮತ್ತು ಹೂವಿಗೆ ಜೋತುಬಿದ್ದು ಗುಂಯ್‌ಗುಡುವ ಕೆಲವು ಜಾತಿಯ ದುಂಬಿಗಳು ಈ ಕೆಲಸ ಮಾಡುತ್ತವೆ. ಎತ್ತರದ ಗೋಡೆಯ ಮರೆಯಲ್ಲಿ ಗಾಳಿ ಕಡಿಮೆ, ಅಲ್ವಾ? ಬೆಳಗ್ಗೆ 10ರಿಂದ 12ರ ಒಳಗೆ ಹೂಗೊಂಚಲಿನ ತೊಟ್ಟನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಬ್ಯಾಟರಿ ಹಲ್ಲುಜ್ಜುವ ಬ್ರಷ್ ಇದ್ದರೆ ಅದರ ಹಿಂಬದಿಯನ್ನು ತೊಟ್ಟಿಗೆ ತಾಗಿಸಿದರೆ ಇನ್ನೂ ಚೆನ್ನ.

ಸೌತೆಯ ಕತೆ ಬೇರೆ. ಅದರಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುದು ಗಂಡು ಹೂಗಳು, ಅವು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಇರುತ್ತದೆ. ಪರಾಗ ತಾಗದಿದ್ದರೆ ಆ ಹೀಚು ಹಳದಿಯಾಗಿ ಬೀಳುತ್ತದೆ, ನಿಮ್ಮಲ್ಲಿ ಆಗಿದ್ದು ಇದೇ. ಜೇನು ಬಾರದ ಕಡೆ ಬೆಳಗ್ಗೆ ಬೇಗ ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಸವರಬೇಕು. ಹೂ ಅರಳಿರುವುದು ಒಂದೇ ದಿನ. ಪರಾಗವೇ ಬೇಡದೆ ಕಾಯಿ ಕಟ್ಟುವ ಸೌತೆ ತಳಿಗಳೂ ಇವೆ, ಬೀಜದ ಪೊಟ್ಟಣದ ಮೇಲೆ ಬರೆದಿರುತ್ತದೆ. ಮುಂದೆಂದಾದರೂ ಸೌತೆ ಹಾಕುವ ಆಸೆಯಾದರೆ ಅಂಥದ್ದನ್ನೇ ಹುಡುಕಿ.

ಗೊಬ್ಬರದ ವಿಷಯ ದೊಡ್ಡದು ಮಾಡುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಒಂದೆರಡು ಹಿಡಿ ಕಾಂಪೋಸ್ಟ್ ಮೇಲೆ ಹರಡಿ ನೀರು ಹಾಕಿ. ಕಾಯಿ ಬಿಡುವ ಗಿಡಗಳಿಗೆ ಹೂ ಬಂದ ಮೇಲೆ ಸಾರಜನಕ ಕಡಿಮೆ, ಪೊಟ್ಯಾಶ್ ಜಾಸ್ತಿ ಇರುವ ಗೊಬ್ಬರ ಕೊಡಿ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿಗೆ ಈಗ ಭಾರಿ ಹೆಸರು. ಅದರಲ್ಲಿ ಗಿಡಕ್ಕೆ ಸಿಗುವುದು ತೀರಾ ಅಲ್ಪ. ಸಿಪ್ಪೆಯನ್ನು ಕಾಂಪೋಸ್ಟಿಗೇ ಹಾಕಿ. ಅಡುಗೆಮನೆಯ ಹಸಿ ಕಸ ಒಂದು ಪಾಲಿಗೆ ಒಣ ಎಲೆ, ಹರಿದ ರಟ್ಟು ಎರಡು ಪಾಲು ಬೆರೆಸಿದರೆ ನಾರುವುದಿಲ್ಲ. ವಾಸನೆ ಬಂತೆಂದರೆ ಒಣದ್ದು ಕಡಿಮೆಯಾಗಿದೆ, ಇಲ್ಲವೇ ನೀರು ಜಾಸ್ತಿಯಾಗಿದೆ. ಅರೆಬರೆ ಕಳಿತದ್ದನ್ನು ಮಾತ್ರ ಕುಂಡಕ್ಕೆ ಹಾಕಬೇಡಿ. ಅದು ಕಳಿಯುವುದಕ್ಕೆ ಗಿಡದ ಪಾಲಿನ ಸಾರಜನಕವನ್ನೇ ಬಳಸಿಕೊಳ್ಳುತ್ತದೆ.

ಹುಳದ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳುವ ದಿನ ಬರುತ್ತದೆ. ವಾರಕ್ಕೆರಡು ಸಲ ಎಲೆ ತಿರುಗಿಸಿ ನೋಡಿ. ಗಿಡಹೇನು, ಬಿಳಿನೊಣ ಎರಡೂ ಎಲೆಯ ಅಡಿಯಲ್ಲೇ ಇರುತ್ತವೆ. ಶುರುವಿನಲ್ಲಿ ನೀರಿನ ರಭಸಕ್ಕೇ ಗಿಡಹೇನು ಉದುರುತ್ತದೆ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎಣ್ಣೆ ಬೆರೆಯಲು ಒಂದೆರಡು ಹನಿ ದ್ರವ ಸೋಪು ಹಾಕಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ಕಾಯಿರಿ. ಇರುವೆ ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ಮೇಲೆಲ್ಲೋ ಗಿಡಹೇನೋ ಹಿಟ್ಟು ತಿಗಣೆಯೋ ಇದೆ ಎಂದೇ ಅರ್ಥ. ಅವು ಸೂಸುವ ಸಿಹಿ ರಸಕ್ಕಾಗಿ ಇರುವೆಗಳು ಕಾವಲು ಕಾಯುತ್ತವೆ.

ಬಿತ್ತನೆಗೆ ಎರಡು ಮಾತು. ಟೊಮೆಟೊ ಸಸಿಯನ್ನು ನಾಟಿ ಮಾಡುವಾಗ ಕೆಳಗಿನ ಎಲೆ ತೆಗೆದು ಕಾಂಡದ ಅರ್ಧದಷ್ಟು ಮಣ್ಣಿನೊಳಗೆ ಹೋಗುವಂತೆ ನೆಡಿ. ಹೂತ ಕಾಂಡದಲ್ಲೆಲ್ಲ ಬೇರು ಬರುತ್ತದೆ. ಸೊಪ್ಪನ್ನು ಒಂದೇ ದಿನ ಎಲ್ಲ ಬಿತ್ತಬೇಡಿ. ಎರಡು ವಾರಕ್ಕೊಂದು ಸಾಲು ಹಾಕುತ್ತ ಹೋದರೆ ಒಮ್ಮೆಲೇ ರಾಶಿ, ಆಮೇಲೆ ಖಾಲಿ ಅನ್ನುವ ತೊಂದರೆ ಇರುವುದಿಲ್ಲ. ಒತ್ತಾಗಿ ಹುಟ್ಟಿದವನ್ನು ಎರಡು ಇಂಚು ಎತ್ತರ ಆದಾಗ ಕಿತ್ತು ವಿರಳ ಮಾಡಿ. ಕರುಣೆ ತೋರಿಸಿದರೆ ಎಲ್ಲವೂ ಸಣಕಲಾಗುತ್ತವೆ. ಕಿತ್ತ ಎಳೆ ಸಸಿಗಳನ್ನು ಎಸೆಯಬೇಡಿ, ತೊಳೆದು ಹಸಿಯಾಗಿಯೇ ತಿನ್ನಬಹುದು. ನಿಮ್ಮ ಮೊದಲ ಕೊಯ್ಲು ಅದೇ.

ಕೊಯ್ಲಿನ ಮಾತಿಗೆ ಬಂದರೆ, ಇಲ್ಲಿ ಬಹಳ ಜನ ಕೈ ಹಿಂದೆಗೆಯುತ್ತಾರೆ. ಗಿಡದ ಮೇಲೆ ಕಾಯಿ ಚೆಂದ ಕಾಣುತ್ತದೆ, ಇನ್ನೂ ದೊಡ್ಡದಾಗಲಿ ಅಂತ ಬಿಡುತ್ತಾರೆ. ಬೀನ್ಸ್, ಸೌತೆ, ಬೆಂಡೆಗೆ ಇದು ತೀರಾ ನಷ್ಟ. ಗಿಡದ ಗುರಿ ಬೀಜ. ಒಂದು ಕಾಯಿ ಬಲಿತು ಬೀಜ ಕಟ್ಟಿತೆಂದರೆ ಹೊಸ ಹೂ ಬಿಡುವ ಅವಸರ ಅದಕ್ಕೆ ಇರುವುದಿಲ್ಲ. ಎರಡು ದಿನಕ್ಕೊಮ್ಮೆ ಎಳೆಯದನ್ನೇ ಕೀಳುತ್ತಿದ್ದರೆ ಬಿಡುತ್ತಲೇ ಇರುತ್ತದೆ. ಬೀನ್ಸ್ ಒಳಗೆ ಕಾಳು ಉಬ್ಬುವ ಮೊದಲು, ಮುರಿದರೆ ಟಪ್ ಎನ್ನುವಾಗ ಕೊಯ್ಯಿರಿ. ಸೊಪ್ಪನ್ನು ಬುಡಸಹಿತ ಕೀಳದೆ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ, ಅಥವಾ ಹೊರಗಿನ ಎಲೆಗಳನ್ನಷ್ಟೇ ತೆಗೆಯಿರಿ. ಒಂದೇ ಬಿತ್ತನೆಯಲ್ಲಿ ಎರಡು ಮೂರು ಕೊಯ್ಲು ಸಿಗುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಕೊಯ್ದರೆ ಎಲೆಯಲ್ಲಿ ನೀರು ತುಂಬಿರುತ್ತದೆ, ಗರಿಗರಿಯಾಗಿರುತ್ತದೆ. ಮಧ್ಯಾಹ್ನ ಕೊಯ್ದದ್ದು ಬುಟ್ಟಿಯಲ್ಲೇ ಬಾಡುತ್ತದೆ.

ಮೆಣಸಿನಕಾಯಿಯನ್ನು ಹಸಿರಿರುವಾಗ ಅರ್ಧ ಕೀಳಿ, ಅರ್ಧ ಕೆಂಪಾಗಲು ಬಿಡಿ. ಕೆಂಪಾದದ್ದಕ್ಕೆ ಸಿಹಿ ಕೂಡಿಕೊಂಡು ರುಚಿಯೇ ಬೇರೆಯಾಗುತ್ತದೆ. ಟೊಮೆಟೊವನ್ನು ಪೂರ್ತಿ ಬಣ್ಣ ಬಂದು ಬೆರಳಿಗೆ ಸ್ವಲ್ಪ ಮೆತ್ತಗೆ ಸಿಗುವವರೆಗೆ ಗಿಡದಲ್ಲೇ ಬಿಡಬಹುದು. ಹಕ್ಕಿ, ಅಳಿಲಿನ ಕಾಟ ಇದ್ದರೆ ಬಣ್ಣ ತಿರುಗಿದ ಕೂಡಲೇ ತಂದು ಒಳಗಿಡಿ, ರುಚಿ ಅಷ್ಟೇನೂ ಕಡಿಮೆಯಾಗುವುದಿಲ್ಲ. ಫ್ರಿಜ್ಜಿಗೆ ಮಾತ್ರ ಹಾಕಬೇಡಿ. 12 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಟೊಮೆಟೊಗೆ ಪರಿಮಳ ಕೊಡುವ ಅಂಶಗಳು ಹುಟ್ಟುವುದು ನಿಲ್ಲುತ್ತದೆ, ಹುಳಿ ಸಿಹಿ ಉಳಿದರೂ ಹಣ್ಣು ಸಪ್ಪೆ ಅನಿಸುತ್ತದೆ. ಹೊರಗೆ, ಬಿಸಿಲು ಬೀಳದ ಕಡೆ, ತೊಟ್ಟಿನ ಭಾಗ ಕೆಳಗೆ ಮಾಡಿ ಇಡಿ. ಕೊನೆಗೆ ಗಿಡ ಮುಗಿಯುವಾಗ ಅದರಲ್ಲಿ ಹಸಿರು ಕಾಯಿ ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಪೂರ್ತಿ ಗಾತ್ರಕ್ಕೆ ಬಂದು ಬಣ್ಣ ಬೆಳ್ಳಗಾಗಿ ತಿರುಗಿದವನ್ನು ಒಂದು ಹಣ್ಣಾದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಂದೆರಡು ವಾರದಲ್ಲಿ ಹಣ್ಣಾಗುತ್ತವೆ. ತೀರಾ ಎಳೆಯ ಕಾಯಿಗಳು ಎಷ್ಟು ದಿನ ಇಟ್ಟರೂ ಹಣ್ಣಾಗುವುದಿಲ್ಲ. ರೋಗ ಇಲ್ಲದಿದ್ದರೆ ಅವನ್ನು ಗಿಡದ ಜೊತೆಗೇ ಕತ್ತರಿಸಿ ಕಾಂಪೋಸ್ಟಿಗೆ ಹಾಕಿ, ಆ ಕುಂಡದಲ್ಲಿ ಮುಂದಿನ ಸಲ ಟೊಮೆಟೊ, ಮೆಣಸು, ಬದನೆ ಬಿಟ್ಟು ಬೀನ್ಸ್ ಬಿತ್ತಿ.